ಟ್ಯೂಬಿನಲ್ಲಿ ಡಿಎನ್‌ಎಯಿಂದ ಆರ್‌ಎನ್‌ಎ ಮಾಡಿಸುವ ಪ್ರಯೋಗದಲ್ಲಿ ಹೆಪಾರಿನ್ ಹಾಕಿದರೂ ಹಾಕದಿದ್ದರೂ ಜೆಲ್‌ನಲ್ಲಿ ಆರ್‌ಎನ್‌ಎ ಬ್ಯಾಂಡ್ ಹೆಚ್ಚುಕಡಿಮೆ ಒಂದೇ. ಪ್ರೊಮೋಟರ್ (ಆರ್‌ಎನ್‌ಎ ಕಟ್ಟುವ ಕಿಣ್ವ ಡಿಎನ್‌ಎಯಲ್ಲಿ ಬಂದು ಕೂರುವ ಜಾಗ) ಬದಲಿಸಲೇ?

ಬದಲಿಸಬೇಡಿ. ಹೆಪಾರಿನ್ ಯಾವ ಗಳಿಗೆಯಲ್ಲಿ ಹಾಕುತ್ತಿದ್ದೀರಿ, ಮೊದಲು ಅದನ್ನು ನೋಡಿ. ನಾನು ಇಲ್ಲೇ ನಾಲ್ಕು ತಿಂಗಳು ಸಿಕ್ಕಿಬಿದ್ದಿದ್ದೆ. ಆರ್‌ಎನ್‌ಎ ಕಟ್ಟುವ ಕಿಣ್ವ ಇ. ಕೊಲೈ ಬ್ಯಾಕ್ಟೀರಿಯಾದ ಪಾಲಿಮರೇಸ್, ಪ್ರೊಮೋಟರ್ ಟಿ7 ಎ1 ಎಂಬ ಗಟ್ಟಿಯದು. ಹೆಪಾರಿನ್ ಹಾಕಿದ ಒಂದೇ ಸುತ್ತಿನ ಟ್ಯೂಬಿಗೂ (ಪ್ರತಿ ಡಿಎನ್‌ಎಯಿಂದ ಒಂದೇ ಸಲ ಆರ್‌ಎನ್‌ಎ ಬರಬೇಕಾದದ್ದು) ಹೆಪಾರಿನ್ ಇಲ್ಲದ ಹಲವು ಸುತ್ತಿನ ಟ್ಯೂಬಿಗೂ ವ್ಯತ್ಯಾಸ ಎರಡು ಪಟ್ಟೂ ಇಲ್ಲ.

ಆರು ಟ್ಯೂಬಿಗೂ ಮೊದಲು ಎನ್‌ಟಿಪಿ (ಆರ್‌ಎನ್‌ಎ ಕಟ್ಟಲು ಬೇಕಾದ ನಾಲ್ಕು ಬಿಡಿಭಾಗಗಳು) ಹಾಕಿ, ಆಮೇಲೆ ಅದೇ ಸಾಲಿನಲ್ಲಿ ಹೆಪಾರಿನ್ ಹಾಕುತ್ತಿದ್ದೆ. ಟ್ಯೂಬಿಗೆ 15 ಸೆಕೆಂಡ್, ಅಂದರೆ ಪ್ರತಿಯೊಂದಕ್ಕೂ 90 ಸೆಕೆಂಡ್ ತಡ. ನಿಲ್ಲಿಸುತ್ತಿದ್ದದ್ದು 3 ನಿಮಿಷಕ್ಕೆ. ಹೆಪಾರಿನ್ ಹಿಡಿಯುವುದು ಡಿಎನ್‌ಎಗೆ ಅಂಟದೆ ಬಿಡಿಯಾಗಿರುವ ಪಾಲಿಮರೇಸನ್ನು. ಗಟ್ಟಿ ಪ್ರೊಮೋಟರಿನಲ್ಲಿ ಒಂದು ಹೊರಟ ಕೆಲವೇ ಸೆಕೆಂಡಿಗೆ ಇನ್ನೊಂದು ಬಂದು ಕೂರುತ್ತದೆ. ನನ್ನ 'ಒಂದೇ ಸುತ್ತು' ಅಷ್ಟರಲ್ಲಿ ಹಲವು ಸುತ್ತು ಮುಗಿಸಿರುತ್ತಿತ್ತು. ತಡ ಎಲ್ಲಕ್ಕೂ ಸಮ, ಹಾಗಾಗಿ ಆರೂ ಬ್ಯಾಂಡ್ ಒಂದೇ ಗಾಢತೆ. ಆ ಅಚ್ಚುಕಟ್ಟನ್ನೇ ನಂಬಿ ಕೆಟ್ಟೆ.

ಹೆಪಾರಿನ್ ಮತ್ತು ಎನ್‌ಟಿಪಿ ಒಂದೇ ಹನಿಯಲ್ಲಿ ಹೋಗಬೇಕು. 10 ನ್ಯಾನೊಮೋಲಾರ್ ಟೆಂಪ್ಲೇಟ್ (ಪ್ರೊಮೋಟರ್ ಇರುವ ಡಿಎನ್‌ಎ), 30ರಿಂದ 50 ನ್ಯಾನೊಮೋಲಾರ್ ಹೋಲೋಎನ್‌ಜೈಮ್ (ಎಲ್ಲ ಭಾಗಗಳಿರುವ ಪೂರ್ಣ ಪಾಲಿಮರೇಸ್), 37 ಡಿಗ್ರಿಯಲ್ಲಿ 15 ನಿಮಿಷ ಇಟ್ಟು ಓಪನ್ ಕಾಂಪ್ಲೆಕ್ಸ್ ಆಗಲು ಬಿಡಿ, ಅಂದರೆ ಪಾಲಿಮರೇಸ್ ಕೂತು ಡಿಎನ್‌ಎಯ ಎಳೆ ಬಿಚ್ಚಲಿ. ಆಮೇಲೆ ಹಾಕುವ ಹನಿ ಇದು: ಎಟಿಪಿ, ಜಿಟಿಪಿ, ಸಿಟಿಪಿ ತಲಾ 200 ಮೈಕ್ರೋಮೋಲಾರ್, ಯುಟಿಪಿ 10 (ಅದರಲ್ಲೇ ವಿಕಿರಣಶೀಲ ಪಿ-32 ಗುರುತಿನದು), ಹೆಪಾರಿನ್ ಮಿ.ಲೀ.ಗೆ 50 ಮೈಕ್ರೋಗ್ರಾಂ. ಎಲ್ಲವೂ ಅಂತಿಮ ಪ್ರಮಾಣ. ಹಲವು ಸುತ್ತಿನದಕ್ಕೆ ಅದೇ ಮಿಶ್ರಣ, ಹೆಪಾರಿನ್ ಇಲ್ಲದೆ.

ಇನ್ನೊಂದು, ಒಂದೇ ಸಮಯಬಿಂದುವಿನ ಅನುಪಾತದಿಂದ ಏನನ್ನೂ ತೀರ್ಮಾನಿಸಬೇಡಿ. 2, 5, 10, 20 ನಿಮಿಷಕ್ಕೆ ತೆಗೆದು ಆರ್‌ಎನ್‌ಎ ಏರುವ ಗೆರೆಯ ಇಳಿಜಾರು ನೋಡಿ. 20 ಮೈಕ್ರೋಲೀಟರಿನಲ್ಲಿ ಯುಟಿಪಿ ಇರುವುದು 200 ಪಿಕೊಮೋಲ್. ಟೆಂಪ್ಲೇಟ್ ಇರುವುದು 0.2 ಪಿಕೊಮೋಲ್. ಆರ್‌ಎನ್‌ಎಯಲ್ಲಿ 25 ಯು (ಯುಟಿಪಿಯಿಂದ ಬರುವ ಅಕ್ಷರ) ಇದ್ದರೆ ಸುತ್ತಿಗೆ 5 ಪಿಕೊಮೋಲ್ ಖರ್ಚು, 40 ಸುತ್ತಿಗೆ ಖಾಲಿ. ಗೆರೆ ಅದಕ್ಕೂ ಎಷ್ಟೋ ಮೊದಲೇ ಬಾಗುತ್ತದೆ.

ನಿಮ್ಮ ಪ್ರೊಮೋಟರ್ ಇ. ಕೊಲೈಯ ಆರ್‌ಆರ್‌ಎನ್‌ಬಿ ಪಿ1 ಆಗಿದ್ದರೆ ಮಾತು ಬೇರೆ. ಅದರ ಓಪನ್ ಕಾಂಪ್ಲೆಕ್ಸನ್ನೇ ಹೆಪಾರಿನ್ ಕೆಡವುತ್ತದೆ. ಅದರ ಆರ್‌ಎನ್‌ಎಯ ಮೊದಲ ಎರಡು ಅಕ್ಷರಗಳಾದ ಎಟಿಪಿ, ಸಿಟಿಪಿ ಮೊದಲೇ ಇದ್ದರೆ ಮಾತ್ರ ತಾಳುತ್ತದೆ.

ಪ್ರತಿ ಸಲ ಒಂದು ಟ್ಯೂಬಿನಲ್ಲಿ ಪಾಲಿಮರೇಸಿಗಿಂತ ಮೊದಲೇ ಹೆಪಾರಿನ್ ಹಾಕಿ ಓಡಿಸಿ. ಅಲ್ಲಿ ಬ್ಯಾಂಡ್ ಕಂಡರೆ ನಿಮ್ಮ ಹೆಪಾರಿನ್ ಸಾಲುತ್ತಿಲ್ಲ, ಆ ದಿನದ ಜೆಲ್ ಲೆಕ್ಕಕ್ಕಿಲ್ಲ.