ಮೊಮ್ಮಗಳು ಬರುವ ಮೊದಲು

ಮಂಗಳೂರು ರಥಬೀದಿಯ ಓದುಗರೊಬ್ಬರು ನಾಲ್ಕು ಪುಟ ಬರೆದಿದ್ದಾರೆ, ಹೆಸರು ಹಾಕಬೇಡಿ ಎಂದಿದ್ದಾರೆ. ಸಾರ ಇಷ್ಟು. ಮಗಳು, ಅಳಿಯ ಇಬ್ಬರೂ ಅಮೆರಿಕದ ಪೌರರು, ನ್ಯೂಜೆರ್ಸಿಯಲ್ಲಿದ್ದಾರೆ. ಮಹಾರಾಷ್ಟ್ರದ ಒಂದು ದತ್ತು ಕೇಂದ್ರದಲ್ಲಿರುವ ಮೂರೂವರೆ ವರ್ಷದ ಹೆಣ್ಣುಮಗುವನ್ನು ಕರೆದೊಯ್ಯಲು ಬರಲಿದ್ದಾರೆ. "ಇಷ್ಟೊಂದು ಕಾಗದಪತ್ರ ಯಾಕೆ? ಪರಿಚಯದವರೊಬ್ಬರು ಖರ್ಚು ಕೊಟ್ಟರೆ ಇಲ್ಲೇ ನರ್ಸಿಂಗ್ ಹೋಮಿನಿಂದ ಹಸುಗೂಸನ್ನೇ ಕೊಡಿಸುತ್ತೇನೆ ಎನ್ನುತ್ತಾರೆ. ಮಗು ಬಂದ ಮೇಲೆ ಇಲ್ಲಿ ಇನ್ನೂರು ಜನರಿಗೆ ಊಟ, ಕಿವಿ ಚುಚ್ಚಿಸುವುದು ಎಲ್ಲ ಮಾಡಬೇಕೆಂದಿದ್ದೆ. ಮಗಳು ಬೇಡ ಅಂದಳು. ಮೊದಮೊದಲು ಬೇರೆ ಯಾರೂ ಮಗುವನ್ನು ಎತ್ತಿಕೊಳ್ಳಬಾರದಂತೆ. ನಾನೂ 'ಬೇರೆ ಯಾರೋ' ಆಗಿಬಿಟ್ಟೆನಾ? ವೀಸಾಕ್ಕೆ ದೆಹಲಿಗೆ ಹೋಗುವಾಗ ನಾನು ಜೊತೆಗೆ ಹೋಗಲಾ?"

ಅಮ್ಮಾ, ಮೊದಲು ಆ ಪರಿಚಯದವರ ವಿಷಯ ಮುಗಿಸೋಣ. ಬೇಡ. 'ಖರ್ಚು' ಅನ್ನುವುದು ಸುಮ್ನೆ ಮರ್ಯಾದೆಗೆ ಇಟ್ಟ ಹೆಸರು, ಅದು ಮಗುವಿನ ಮಾರಾಟ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಮಗುವನ್ನು ಮಾರಿದವರಿಗೂ ಕೊಂಡವರಿಗೂ ಐದು ವರ್ಷದವರೆಗೆ ಜೈಲು ಇದೆ, ಆಸ್ಪತ್ರೆ ಅಥವಾ ನರ್ಸಿಂಗ್ ಹೋಮಿನವರೇ ಮಾಡಿದರೆ ಏಳು ವರ್ಷದವರೆಗೆ. ಅದನ್ನೂ ಬಿಡಿ, ಹಾಗೆ ಸಿಕ್ಕಿದ ಮಗುವನ್ನು ಅಮೆರಿಕಕ್ಕೆ ಕರೆದುಕೊಂಡು ಹೋಗುವುದು ಹೇಗೆ? ವೀಸಾ ಸಿಗುವುದಿಲ್ಲ. ಆಗ ಮಗು ಇಲ್ಲಿ, ನಿಮ್ಮ ಮಗಳು ಅಲ್ಲಿ. ಆ ನರ್ಸಿಂಗ್ ಹೋಮಿನಲ್ಲಿ ನಿಜವಾಗಿಯೂ ಮಗುವನ್ನು ಸಾಕಲಾಗದ ತಾಯಿ ಯಾರಾದರೂ ಇದ್ದರೆ, ಅವಳಿಗೆ ದಾರಿ ಇದೆ. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಬಹುದು. ಒಪ್ಪಿಸಿದ ಮೇಲೂ ಮನಸ್ಸು ಬದಲಾಯಿಸಲು ಅವಳಿಗೆ ಎರಡು ತಿಂಗಳು ಸಮಯ ಕೊಡುತ್ತಾರೆ. ನಿಮ್ಮ ಪರಿಚಯದವರು ಅವಳಿಗೆ ಎರಡು ಗಂಟೆಯನ್ನಾದರೂ ಕೊಡುತ್ತಾರಾ? 1098ಕ್ಕೆ ಫೋನ್ ಮಾಡಿ ಹೇಳಿ, ಅದು ಮಕ್ಕಳ ಸಹಾಯವಾಣಿ.

ಇನ್ನು ಕಾಗದಪತ್ರ. ನೀವು ಪತ್ರ ಬರೆದು ಕೇಳಿದ್ದಕ್ಕೆ ಒಂದು ಪತ್ರದ ಕಥೆಯನ್ನೇ ಹೇಳುತ್ತೇನೆ. ಈ ನಿಯಮಗಳೆಲ್ಲ ಶುರುವಾದದ್ದೇ ಒಂದು ಪತ್ರದಿಂದ. ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಸುಪ್ರೀಂ ಕೋರ್ಟಿಗೆ ಬರೆದಿದ್ದರು. ದತ್ತಿನ ಹೆಸರಿನಲ್ಲಿ ನಮ್ಮ ಎಳೆಯ ಮಕ್ಕಳನ್ನು ಜೀವಕ್ಕೆ ಅಪಾಯವಾಗುವ ಹಾಗೆ ದೂರದ ದೇಶಗಳಿಗೆ ಸಾಗಿಸುತ್ತಿದ್ದಾರೆ, ಅಲ್ಲಿ ಹೋದ ಮೇಲೆ ಕೆಲವರಿಗೆ ನೆಲೆಯೂ ಇಲ್ಲ ಅಂತ. ಕೋರ್ಟು ಆ ಪತ್ರವನ್ನೇ ಅರ್ಜಿ ಎಂದು ತೆಗೆದುಕೊಂಡು, 1984ರಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ತೀರ್ಪಿನಲ್ಲಿ ನಿಯಮಗಳನ್ನು ಹಾಕಿತು. 1990ರಲ್ಲಿ ಈಗ ನಾವು 'ಕಾರಾ' ಅನ್ನುವ ಕೇಂದ್ರ ಸರ್ಕಾರದ ದತ್ತು ಸಂಸ್ಥೆ ಬಂತು. 2003ರಲ್ಲಿ ಭಾರತ, ದೇಶದಿಂದ ದೇಶಕ್ಕೆ ಆಗುವ ದತ್ತುಗಳಿಗಾಗಿ ಇರುವ ಹೇಗ್ ಒಪ್ಪಂದಕ್ಕೂ ಸೇರಿತು. ಹಾಗಾಗಿ ಈಗ ಎರಡು ದೇಶಗಳೂ ಒಪ್ಪದೆ ಮಗು ವಿಮಾನ ಹತ್ತುವ ಹಾಗಿಲ್ಲ.

ನಿಮ್ಮ ಮಗಳ ಮನೆಗೆ ಅಲ್ಲಿಯವರು ಬಂದು ಸಂಬಳ, ಆರೋಗ್ಯ, ಪೊಲೀಸ್ ದಾಖಲೆ ಎಲ್ಲ ನೋಡಿ ವರದಿ ಮಾಡಿರುತ್ತಾರೆ. ಇಲ್ಲಿ ಕಾರಾ ನಿರಾಕ್ಷೇಪಣಾ ಪತ್ರ ಕೊಡಬೇಕು. ಆಮೇಲೆ ಮಗುವಿನ ದತ್ತು ಕೇಂದ್ರ ಇರುವ ಜಿಲ್ಲೆಯ ಜಿಲ್ಲಾಧಿಕಾರಿಯ ಆದೇಶ. 2022ರ ಸೆಪ್ಟೆಂಬರಿಗಿಂತ ಮೊದಲು ಇದಕ್ಕೆ ಕೋರ್ಟಿಗೆ ಹೋಗಬೇಕಿತ್ತು. ಆದೇಶ ಬಂದ ಮೇಲೆ ಹೊಸ ತಂದೆತಾಯಿಯ ಹೆಸರಿರುವ ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ದತ್ತು ಹೇಗ್ ಒಪ್ಪಂದದ ಪ್ರಕಾರವೇ ಆಗಿದೆ ಎಂಬ ಕಾರಾದ ಇನ್ನೊಂದು ಪತ್ರ, ಕೊನೆಗೆ ವೀಸಾ. ಅಮೆರಿಕಕ್ಕೆ ಹೋದ ಮೇಲೂ ಎರಡು ವರ್ಷ ಅಲ್ಲಿಯ ದತ್ತು ಏಜೆನ್ಸಿ ಮಗು ಹೇಗಿದೆ ಎಂದು ಇಲ್ಲಿಗೆ ವರದಿ ಕಳಿಸುತ್ತಿರಬೇಕು, ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ. "ನಮ್ಮ ಮೇಲೆ ಸಂಶಯವಾ" ಎಂದು ಬರೆದಿದ್ದೀರಿ. ಹೌದು, ಸಂಶಯವೇ. ಗುರುತಿಲ್ಲದ ಇಬ್ಬರ ಕೈಗೆ ಒಂದು ಮಗುವನ್ನು ಕೊಟ್ಟು ಕಳಿಸುವಾಗ ಸರ್ಕಾರ ಸಂಶಯಪಡದಿದ್ದರೆ ನನಗೆ ಭಯವಾಗುತ್ತದೆ.

ಕಾಗದ ಸರಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲೇ ಉದಾಹರಣೆ ಇದೆ. ಹಿಂದೆ ಬೇರೆ ದೇಶಗಳಿಂದ ದತ್ತು ಹೋದ ಕೆಲವು ಮಕ್ಕಳಿಗೆ ಪೌರತ್ವ ಮಾಡಿಸಲು ಮನೆಯವರು ಮರೆತರು. 2000ದ ಕಾನೂನು ದತ್ತುಮಕ್ಕಳಿಗೆ ಪೌರತ್ವವನ್ನು ತಾನಾಗಿಯೇ ಸಿಗುವ ಹಾಗೆ ಮಾಡಿದರೂ, ಅದು ಜಾರಿಗೆ ಬಂದ 2001ರ ಫೆಬ್ರವರಿ ಹೊತ್ತಿಗೆ ಹದಿನೆಂಟು ದಾಟಿದವರು ಹೊರಗೇ ಉಳಿದರು. ನಡುವಯಸ್ಸಿನಲ್ಲಿ, ಭಾಷೆಯೂ ಬಾರದ ಹುಟ್ಟೂರಿಗೆ ಗಡೀಪಾರಾದವರಿದ್ದಾರೆ. ನಿಮ್ಮ ಮೊಮ್ಮಗಳಿಗೆ ಆ ತೊಂದರೆ ಇಲ್ಲ. ಇಲ್ಲಿ ದತ್ತು ಪೂರ್ತಿಯಾಗಿ ಸರಿಯಾದ ವೀಸಾದಲ್ಲಿ ಹೋದರೆ ಅಲ್ಲಿ ಇಳಿದ ದಿನವೇ ಅವಳು ಅಲ್ಲಿಯ ಪೌರಳು.

ಈಗ ನಿಮಗೆ ನಿಜವಾಗಿ ನೋವಾದ ಮಾತು. ಮಗಳು ಹೇಳಿದ್ದು ಸರಿ ಅಮ್ಮಾ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಪತ್ರದಲ್ಲಿ 'ಮಗಳು ಬರುತ್ತಾಳೆ, ಮಗಳು ಹೋಗುತ್ತಾಳೆ' ಎಂದು ಎಷ್ಟು ಸಲ ಇದೆ! ಅವಳಿಗೇನು, ಅವಳು ಊರಿಗೆ ಬಂದು ಮನೆಗೆ ಹೋಗುತ್ತಾಳೆ. ಪರದೇಶಕ್ಕೆ ಹೋಗುವವಳು ಆ ಮಗು. ಕೇಂದ್ರದಲ್ಲಿ ಸ್ನಾನ ಮಾಡಿಸಿದ ಆಯಾ, ಪಕ್ಕದಲ್ಲಿ ಮಲಗುತ್ತಿದ್ದ ಮಕ್ಕಳು, ಅನ್ನದ ರುಚಿ, ಕಿವಿಗೆ ಬಿದ್ದ ಭಾಷೆ ಎಲ್ಲ ಒಂದೇ ವಾರದಲ್ಲಿ ಹೋಗುತ್ತದೆ. ಅಂಥ ಹೊತ್ತಿನಲ್ಲಿ ಇನ್ನೂರು ಜನ ಕೆನ್ನೆ ಹಿಂಡಿದರೆ, ಮೇಲಿಂದ ಕಿವಿಗೂ ಚುಚ್ಚಿದರೆ, ಅದು ಯಾರನ್ನು ನಂಬಬೇಕು? ಇಷ್ಟು ದಿನ ಕೈಯಿಂದ ಕೈಗೆ ಬೆಳೆದ ಮಗು ಅದು. ಯಾರು ಎತ್ತಿದರೂ ನಗುತ್ತಾ ಹೋಗಬಹುದು, ನೋಡಿದವರು "ಎಷ್ಟು ಬೇಗ ಹೊಂದಿಕೊಂಡಿತು" ಅನ್ನಬಹುದು. ಅದು ಹೊಂದಾಣಿಕೆ ಅಲ್ಲ. ಉಣಿಸುವುದು, ಮಲಗಿಸುವುದು, ಅತ್ತಾಗ ಎತ್ತಿಕೊಳ್ಳುವುದು ಈ ಇಬ್ಬರೇ ಅಂತ ಅದಕ್ಕೆ ಗೊತ್ತಾಗಲು ಸ್ವಲ್ಪ ಕಾಲ ಬೇಕು. ಊಟ ಮುಂದಿನ ಸಲ ಬಂದಾಗ ಹಾಕಿಸಿ, ಹೋಳಿಗೆ ತಿನ್ನಲು ನಾನೂ ಬರುತ್ತೇನೆ.

ಹಾಗಂತ ನಿಮಗೆ ಕೆಲಸ ಇಲ್ಲ ಎಂದಲ್ಲ. ನಿಮ್ಮ ಮನೆಮಾತು ಕೊಂಕಣಿ, ಮಗು ಬೆಳೆದದ್ದು ಮರಾಠಿಯಲ್ಲಿ. ಹಾಲು, ಕೈ ಅಂಥ ಎಷ್ಟೋ ಮಾತು ಹೆಚ್ಚುಕಮ್ಮಿ ಒಂದೇ. ಅಮೆರಿಕದಲ್ಲೇ ಬೆಳೆದ ಅಳಿಯನ ಇಂಗ್ಲಿಷಿಗಿಂತ ನಿಮ್ಮ ಮಾತು ಅದಕ್ಕೆ ಬೇಗ ತಿಳಿಯುತ್ತದೆ. ಈಗಿನಿಂದಲೇ ಮಗಳಿಗೆ ಆ ಚಿಕ್ಕಚಿಕ್ಕ ಮಾತುಗಳನ್ನು ಬಾಯಿಪಾಠ ಮಾಡಿಸಿ, ಅವಳ ಕೊಂಕಣಿ ತುಕ್ಕು ಹಿಡಿದಿದೆ ಎಂದು ನೀವೇ ಬರೆದಿದ್ದೀರಲ್ಲ. ಮಗು ಏನು ತಿನ್ನುತ್ತದೆ, ದೀಪ ಆರಿಸಿ ಮಲಗುತ್ತದಾ, ಯಾವ ಹಾಡಿಗೆ ನಿದ್ದೆ ಮಾಡುತ್ತದೆ, ಇದನ್ನೆಲ್ಲ ಕೇಂದ್ರದವರ ಹತ್ತಿರ ಕೇಳಿ ಬರೆದುಕೊಳ್ಳಲು ಹೇಳಿ. ವೈದ್ಯಕೀಯ ವರದಿಯಲ್ಲಿ ಇದು ಇರುವುದಿಲ್ಲ. ಅಲ್ಲಿ ಹೊದೆಯುತ್ತಿದ್ದ ಹಳೆಯ ಬಟ್ಟೆ ಕೊಟ್ಟರೆ ತರಲಿ, ನೀವು ದಯವಿಟ್ಟು ಅದನ್ನು ತಕ್ಷಣ ಒಗೆದು ಹಾಕಬೇಡಿ.

ಜಾತಿ ಯಾವುದೋ ಎಂದು ಅಕ್ಕಪಕ್ಕದವರು ಕೇಳುತ್ತಾರೆ ಅಂದಿದ್ದೀರಿ. ನಿಮ್ಮ ಮೊಮ್ಮಗಳು ಅನ್ನಿ, ಸಾಕು. ಅದಕ್ಕಿಂತ ಜಾಸ್ತಿ ಹೇಳಬೇಕಾದದ್ದು ಏನಿದ್ದರೂ ಅದು ಆ ಮಗುವಿನ ಸ್ವಂತ ವಿಷಯ, ದೊಡ್ಡವಳಾದ ಮೇಲೆ ಅವಳೇ ಹೇಳಿಕೊಳ್ಳಲಿ.

ದೆಹಲಿ? ಮಗಳು ಕರೆದರೆ ಹೋಗಿ. ಅಮೆರಿಕದ ದತ್ತು ವೀಸಾ ಆಗುವುದು ಅಲ್ಲಿನ ರಾಯಭಾರ ಕಚೇರಿಯಲ್ಲಿ, ಅದಕ್ಕೆ ಮೊದಲು ಮಗುವಿನ ವೈದ್ಯಕೀಯ ತಪಾಸಣೆ ಇರುತ್ತದೆ. ಕಾಯುವ ಕೆಲಸವೇ ಜಾಸ್ತಿ, ಬಟ್ಟೆ ಒಗೆಯಲು, ಗಂಜಿ ಮಾಡಿಕೊಡಲು ಒಬ್ಬರಿದ್ದರೆ ಒಳ್ಳೆಯದೇ. ಬೇರೆ ಕೋಣೆ ಮಾಡಿಕೊಳ್ಳಿ. ಬಜ್ಪೆ ವಿಮಾನ ನಿಲ್ದಾಣದಿಂದ ಟಿಕೆಟ್ ಮಾತ್ರ ಈಗಲೇ ತೆಗೆಯಬೇಡಿ, ಪಾಸ್‌ಪೋರ್ಟ್ ಕೈಗೆ ಬಂದು ವೀಸಾ ಸಂದರ್ಶನದ ದಿನ ಗೊತ್ತಾಗಲಿ.