1939ರ ರೂಪಾಯಿ ಖೋಟಾ ಅನಿಸಿದರೆ ಯಾರಿಗೆ ಹೇಳಬೇಕು?

ಪ್ರಶ್ನೆ: ಆನ್‌ಲೈನ್ ಹರಾಜಿನಲ್ಲಿ ಆರನೇ ಜಾರ್ಜ್‌ನ 1939ರ ಬೆಳ್ಳಿ ರೂಪಾಯಿ ಬಂದಿದೆ. ಖೋಟಾ ಅನಿಸುತ್ತಿದೆ. ರಿಪೋರ್ಟ್ ಮಾಡಿದರೂ ಏನೂ ಆಗಲಿಲ್ಲ. ಮಾರುವವರನ್ನೇ ಕೇಳಲಾ? ಪೊಲೀಸರಿಗೆ ಹೇಳಲಾ?
(ದಾವಣಗೆರೆಯ ಓದುಗರು)

ಉತ್ತರ: ಮಾರುವವರನ್ನು ಮಾತ್ರ ಕೇಳಬೇಡಿ. ‘ಕೊನೆಯ 9 ಯಾಕೆ ದಪ್ಪ ಇದೆ?’ ಅಂತ ನೀವು ಕೇಳಿದ ಗಳಿಗೆಯಲ್ಲೇ ಫೋಟೊ ಮಾಯವಾಗುತ್ತದೆ. ಮರುವಾರ ಅದೇ ನಾಣ್ಯ ಮಸುಕಾದ ಫೋಟೊದೊಂದಿಗೆ ಬೇರೆ ಹೆಸರಲ್ಲಿ ಬರುತ್ತದೆ. ಅವರ ತಪ್ಪನ್ನು ನೀವೇ ತಿದ್ದಿಕೊಟ್ಟ ಹಾಗೆ, ಅಲ್ವಾ?

ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ಹರಾಜಿನ ಸಂಖ್ಯೆ, ಕೊಂಡಿ, ದಿನಾಂಕ, ವಿವರಣೆಯ ಪ್ರತಿ ಸಾಲು, ಎರಡೂ ಮುಖದ ಫೋಟೊ, ಎಲ್ಲವೂ ಇರಲಿ. ಆಮೇಲೆ ದೂರು.

ನಿಮ್ಮ ರಿಪೋರ್ಟ್ ಯಾಕೆ ಕೆಲಸ ಮಾಡಲಿಲ್ಲ ಗೊತ್ತಾ? ‘ಇದು ಖೋಟಾ, ನೋಡಿದರೇ ಗೊತ್ತಾಗುತ್ತೆ’ ಅಂತಷ್ಟೇ ಬರೆದಿರುತ್ತೀರಿ. ದೂರು ಓದುವವರಿಗೆ ನಾಣ್ಯದ ಗಂಧವೇ ಇರುವುದಿಲ್ಲ. ಅವರಿಗೆ ತೋರಿಸಿ, ಅಳತೆ ಹೇಳಿ.

1939ರ ರೂಪಾಯಿ ಅಪರೂಪ, 1938ರದು ಸುಲಭವಾಗಿ ಸಿಗುತ್ತದೆ. ಹಾಗಾಗಿ ಅಸಲಿ 1938ರ ನಾಣ್ಯದಲ್ಲೇ 8 ಅನ್ನು ಕೆರೆದು 9 ಮಾಡುತ್ತಾರೆ. ಇಲ್ಲಿ ತೂಕ 11.66 ಗ್ರಾಂ ಸರಿಯಾಗಿಯೇ ಬರುತ್ತದೆ, ಬೆಳ್ಳಿಯೂ ಸರಿ. ತಕ್ಕಡಿಯನ್ನು ನಂಬಿ ಕೆಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ನೋಡಬೇಕಾದ್ದು ಆ 9ರ ಸುತ್ತಲಿನ ಜಾಗ. ಗೀರು, ತಗ್ಗು, ಉಳಿದ ಅಂಕಿಗಳಿಗೆ ಹೊಂದದ ಹೊಳಪು ಕಾಣುತ್ತದೆಯೇ? ಆ ಭಾಗವನ್ನು ದೊಡ್ಡದು ಮಾಡಿ, ಪಕ್ಕದಲ್ಲಿ ಅಸಲಿ ನಾಣ್ಯದ ಚಿತ್ರ ಇಟ್ಟು ಕಳಿಸಿ.

ಎರಕ ಹೊಯ್ದ ಖೋಟಾ ಬೇರೆ ಜಾತಿ. ಅದರಲ್ಲಿ ಅಕ್ಷರ ಮೊಂಡಾಗಿರುತ್ತದೆ, ಸೂಜಿಮೊನೆಯಷ್ಟು ತೂತುಗಳಿರುತ್ತವೆ, ಅಂಚಿನಲ್ಲಿ ಅಚ್ಚು ಕೂಡಿದ ಗೆರೆ ಉಳಿದಿರಬಹುದು. ನಾನು ಅತಿ ಹೆಚ್ಚು ನಂಬುವ ಸಾಕ್ಷಿ ಇನ್ನೊಂದಿದೆ. ಅದೇ ಮಾರಾಟಗಾರರ ಹಳೆಯ ಹರಾಜುಗಳನ್ನು ತೆಗೆದು ನೋಡಿ. ಎರಡು ಬೇರೆ ನಾಣ್ಯಗಳಲ್ಲಿ ಒಂದೇ ಜಾಗದಲ್ಲಿ ಒಂದೇ ತರಹದ ಗಾಯ ಇದ್ದರೆ, ಎರಡೂ ಒಂದೇ ಅಚ್ಚಿನಿಂದ ಬಂದವು. ಜೇಬಿನಿಂದ ಜೇಬಿಗೆ ಅಲೆದ ಎರಡು ನಾಣ್ಯಗಳಿಗೆ ಒಂದೇ ಗಾಯ ಆಗುವುದಿಲ್ಲ. ಆ ಎರಡು ಫೋಟೊ ಅಕ್ಕಪಕ್ಕ ಇಟ್ಟರೆ ಯಾರಿಗೂ ಅರ್ಥವಾಗುತ್ತದೆ.

ಬರೀ ರಿಪೋರ್ಟ್ ಗುಂಡಿ ಒತ್ತಿ ಕೂರಬೇಡಿ. ಆ ತಾಣದ ಕುಂದುಕೊರತೆ ಅಧಿಕಾರಿಗೆ ಇಮೇಲ್ ಬರೆಯಿರಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ತಲುಪಿದ್ದನ್ನು ಅವರು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಈಗಾಗಲೇ ಕೊಂಡಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. ದುಡ್ಡು ಪಡೆದು ಆಸಾಮಿ ನಾಪತ್ತೆಯಾಗಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡ ಮಾಡಿದಷ್ಟೂ ದುಡ್ಡು ಕೈ ಬದಲಾಗುತ್ತದೆ.

ಪೊಲೀಸರ ಹತ್ತಿರ ‘ಖೋಟಾ ನಾಣ್ಯದ ಕೇಸು’ ಅನ್ನಬೇಡಿ. ಆ ಕಲಮುಗಳು ಇವತ್ತು ಚಲಾವಣೆಯಲ್ಲಿರುವ ಹಣಕ್ಕೆ. 1939ರ ರೂಪಾಯಿ ಈಗ ಹಣವೇ ಅಲ್ಲ. ಇದು ವಂಚನೆ, ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮು. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಜನ ಠಾಣೆಯಿಂದ ಬರಿಗೈಲಿ ವಾಪಸ್ ಬರುತ್ತಾರೆ.

ಇನ್ನೊಂದು ಮಾತು. ಮಾರಾಟಗಾರರ ಹೆಸರು ಹಾಕಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ಕಳ್ಳ’ ಅಂತ ಬರೆಯಬೇಡಿ. ಫೋಟೊ ನೋಡಿ ಖೋಟಾ ಎಂದು ನಾನೇ ಗಟ್ಟಿಯಾಗಿ ಹೇಳಿದ್ದ ಒಂದು ನಾಣ್ಯ ಕೈಗೆ ಬಂದಾಗ ಅಪ್ಪಟ ಅಸಲಿಯಾಗಿತ್ತು. ಬೆಳಕು ನನಗೆ ಮೋಸ ಮಾಡಿತ್ತು. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ್ದನ್ನು ಏನೂ ತಿಳಿಯದೆ ಮಾರುವವರೂ ಇರುತ್ತಾರೆ. ದೂರಿನಲ್ಲಿ ‘ಅನುಮಾನ’ ಎಂದೇ ಬರೆಯಿರಿ.

ಪ್ರಶ್ನೆ: ನಮ್ಮಲ್ಲಿ 1818ರ ಹನುಮಂತನ ಈಸ್ಟ್ ಇಂಡಿಯಾ ಕಂಪನಿ ನಾಣ್ಯ ಇದೆ. ಕೋಟಿ ಸಿಗುತ್ತಾ?

ಉತ್ತರ: ಕಂಪನಿ ಅಂಥ ನಾಣ್ಯ ಟಂಕಿಸಿಯೇ ಇಲ್ಲ. ಅದು ಅಯಸ್ಕಾಂತದ ಹಾಗೆ ಅಕ್ಕಿ ಕಾಳನ್ನು ಎಳೆಯುತ್ತದೆ ಅಂತ ಯಾರಾದರೂ ತೋರಿಸಲು ಬಂದರೆ ಅದು ಮೋಸ, ಬಾಗಿಲು ಹಾಕಿ, ಪೊಲೀಸರನ್ನು ಕರೆಯಿರಿ.

ಪ್ರಶ್ನೆ: ಟ್ರ್ಯಾಕ್ಟರ್ ಚಿತ್ರದ 5 ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಕೊಡುತ್ತಾರಂತೆ. ಮೊದಲು ರಿಸರ್ವ್ ಬ್ಯಾಂಕ್ ಶುಲ್ಕ ಕಟ್ಟಬೇಕಂತೆ.

ಉತ್ತರ: ಒಂದು ಪೈಸೆಯನ್ನೂ ಕಟ್ಟಬೇಡಿ. ಹಳೆಯ ನೋಟು, ನಾಣ್ಯಗಳ ವ್ಯಾಪಾರ ತಾನು ಮಾಡುವುದಿಲ್ಲ, ಅದಕ್ಕೆ ಶುಲ್ಕ, ಕಮಿಷನ್ ಕೇಳುವುದೂ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಹೇಳಿದೆ.

ಪ್ರಶ್ನೆ: ಟಿಪ್ಪುವಿನ ಆನೆ ಪೈಸೆಯನ್ನು ಅಮೆರಿಕದಲ್ಲಿರುವ ಮಗನಿಗೆ ಕೊರಿಯರ್ ಮಾಡಬಹುದೇ?

ಉತ್ತರ: ಬೇಡ. 100 ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಂತೆ ಪುರಾತನ ವಸ್ತು. ಅದನ್ನು ನೀವು ದೇಶದಾಚೆ ಕಳಿಸುವಂತಿಲ್ಲ.

ಪ್ರಶ್ನೆ: ಅಸಲಿಯೋ ಅಂತ ನೋಡಲು ಹುಣಸೆಹಣ್ಣು ಹಾಕಿ ತಿಕ್ಕಲಾ?

ಉತ್ತರ: ದಯವಿಟ್ಟು ಬೇಡ. ತಿಕ್ಕಿದರೆ ಅಸಲಿಯ ಬೆಲೆಯೂ ಹೋಗುತ್ತದೆ, ಖೋಟಾ ಎಂದು ತೋರಿಸುವ ಗುರುತೂ ಅಳಿಸುತ್ತದೆ.