ಖಾಲಿ ಬಿಟ್ಟ ಜಾಗ

ಪ್ರಶ್ನೆ: ಚೀನಾದ ಹೈ ಬೋ ಎಂಬ ಕಲಾವಿದರ ಜೋಡಿ ಫೋಟೋ ನೋಡಿದೆ. ಒಂದು ಹಳೇ ಗ್ರೂಪ್ ಫೋಟೋ, ಇನ್ನೊಂದು ಅದೇ ಜನರ ಹೊಸ ಫೋಟೋ. ನಮ್ಮ ಎಸ್ಸೆಸ್ಸೆಲ್ಸಿ ಬ್ಯಾಚಿನವರೂ ಹೀಗೇ ತೆಗೆಸಿದ್ದೆವು. ಇದು ಕಲೆ ಹೇಗಾಯ್ತು?
(ಓದುಗರೊಬ್ಬರು, ಧಾರವಾಡ)

ಉತ್ತರ: ನಿಮ್ಮ ಫೋಟೋದಲ್ಲಿ ಬಾರದವರ ಜಾಗಕ್ಕೆ ಬಂದವರು ಸರಿದು ನಿಂತಿರುತ್ತೀರಿ, ಅಲ್ವಾ? ಹೈ ಬೋ ಅದನ್ನು ಮಾಡಲಿಲ್ಲ. ಚೀನಾದ ನಾಯಕ ಮಾವೋ ಶುರುಮಾಡಿದ ‘ಸಾಂಸ್ಕೃತಿಕ ಕ್ರಾಂತಿ’ ಎಂಬ ರಾಜಕೀಯ ಅಭಿಯಾನದ ಕಾಲದ (1966–76) ಗ್ರೂಪ್ ಫೋಟೋ ಹಿಡಿದು, ಅದರಲ್ಲಿದ್ದವರನ್ನು ಹುಡುಕಿ, ಅಂದು ಯಾರು ಎಲ್ಲಿದ್ದರೋ ಅಲ್ಲೇ ಮತ್ತೆ ಕೂರಿಸಿದರು. ತೀರಿಹೋದವರ ಜಾಗ ಖಾಲಿ. ಅವರು ಹೇಗೆ ಸತ್ತರು ಅಂತ ಫೋಟೋ ಹೇಳುವುದಿಲ್ಲ. ನನಗೆ ಜಾಸ್ತಿ ತಟ್ಟಿದ್ದು ಅದೇ. ಬಟ್ಟೆಯನ್ನೂ ನೋಡಿ. ಹಳೇದರಲ್ಲಿ ಎಲ್ಲರಿಗೂ ಕತ್ತಿನವರೆಗೆ ಗುಂಡಿ ಹಾಕಿದ ಒಂದೇ ಥರದ ಕೋಟು. ಹೊಸದರಲ್ಲಿ ಒಬ್ಬೊಬ್ಬರದು ಒಂದೊಂದು ಥರ.

ಇದು ಹಿಡಿಸಿದರೆ ಚೀನಾದ ಇನ್ನೊಬ್ಬ ಕಲಾವಿದ ಶೆಂಗ್ ಚಿ ಅವರ ‘ನೆನಪುಗಳು’ ಎಂಬ ಫೋಟೋ ಸರಣಿ ನೋಡಿ. 2000ದ ಕೆಲಸ. ಕೆಂಪು ಹಿನ್ನೆಲೆ, ಬಿಚ್ಚಿದ ಎಡ ಅಂಗೈ, ಅಂಗೈಯಲ್ಲಿ ಒಂದು ಪುಟ್ಟ ಕಪ್ಪು ಬಿಳುಪು ಫೋಟೋ. ಒಂದರಲ್ಲಿ ಹುಡುಗನಾಗಿದ್ದಾಗಿನ ಅವರೇ, ಒಂದರಲ್ಲಿ ಅಮ್ಮ, ಒಂದರಲ್ಲಿ ಮಾವೋ. ಫೋಟೋ ನೋಡುತ್ತಾ ನೋಡುತ್ತಾ ತಟ್ಟನೆ ಗೊತ್ತಾಗುತ್ತದೆ, ಕೈಯಲ್ಲಿ ಕಿರುಬೆರಳೇ ಇಲ್ಲ. 1989ರಲ್ಲಿ ಬೀಜಿಂಗ್‌ನ ತಿಯಾನನ್‌ಮೆನ್ ಚೌಕದ ಪ್ರಜಾಪ್ರಭುತ್ವ ಚಳವಳಿಯನ್ನು ಸೈನ್ಯ ಹೊಸಕಿಹಾಕಿದ ಮೇಲೆ ಅವರೇ ಅದನ್ನು ಕತ್ತರಿಸಿಕೊಂಡು, ಬೀಜಿಂಗ್‌ನಲ್ಲೇ ಒಂದು ಹೂವಿನ ಕುಂಡದಲ್ಲಿ ಹೂತು, ದೇಶ ಬಿಟ್ಟು ಇಟಲಿಗೆ ಹೋದರು. ಸುಮಾರು ಹತ್ತು ವರ್ಷದ ನಂತರ ವಾಪಸ್ ಬಂದರು. ಇದನ್ನು ಬರೆಯುವಾಗಲೂ ನನ್ನ ಕೈ ನಡುಗುತ್ತದೆ.

ಪ್ರಶ್ನೆ: ಚೀನಾದಲ್ಲಿ ಹಿಂದೆ ಫೋಟೋದಿಂದ ಮನುಷ್ಯರನ್ನೇ ಅಳಿಸುತ್ತಿದ್ದರಂತೆ, ನಿಜವೇ? ಆಗ ಕಂಪ್ಯೂಟರ್ ಎಲ್ಲಿತ್ತು?
(ಓದುಗರೊಬ್ಬರು, ತುಮಕೂರು)

ಉತ್ತರ: ನಿಜ. ಕತ್ತರಿ, ಬಣ್ಣ, ಕುಂಚ ಸಾಕಾಗಿತ್ತು. 1976ರ ಸೆಪ್ಟೆಂಬರ್‌ನಲ್ಲಿ ಮಾವೋ ತೀರಿಕೊಂಡಾಗ ನಾಯಕರೆಲ್ಲ ಸಾಲಾಗಿ ನಿಂತ ಫೋಟೋ ತೆಗೆದರು. ಅಕ್ಟೋಬರ್‌ನಲ್ಲಿ ಮಾವೋ ಹೆಂಡತಿ ಜಿಯಾಂಗ್ ಚಿಂಗ್ ಸೇರಿ ‘ನಾಲ್ವರ ಕೂಟ’ ಎಂದು ಕರೆಯುವ ನಾಲ್ಕು ಪ್ರಭಾವಿ ನಾಯಕರ ಬಂಧನವಾಯಿತು. ಆಮೇಲೆ ಅಚ್ಚಾದ ಫೋಟೋದಲ್ಲಿ ಆ ನಾಲ್ವರಿಲ್ಲ. ಉಳಿದವರನ್ನು ಹತ್ತಿರ ಸರಿಸಿರಲಿಲ್ಲ. ಹಾಗಾಗಿ ಸಾಲಿನಲ್ಲಿ ಸಂದು ಎದ್ದು ಕಾಣುತ್ತದೆ.

ಜಾಂಗ್ ಡಾಲಿ ಎಂಬ ಕಲಾವಿದರು ಇಂಥ ತಿದ್ದಿದ ಚಿತ್ರಗಳನ್ನೂ ಅವುಗಳ ಮೂಲವನ್ನೂ ವರ್ಷಗಟ್ಟಲೆ ಹುಡುಕಿ, ‘ಎರಡನೇ ಇತಿಹಾಸ’ ಎಂಬ ಹೆಸರಿನಲ್ಲಿ ಅಕ್ಕಪಕ್ಕ ಇಟ್ಟರು. ಸುಮ್ನೆ ಕಣ್ಣಾಡಿಸಬೇಡಿ. ಮೊದಲು ತಿದ್ದಿದ್ದನ್ನು ನೋಡಿ, ಎಲ್ಲಿ ಏನು ಹೋಗಿರಬಹುದು ಅಂತ ನೀವೇ ಹುಡುಕಿ, ಆಮೇಲೆ ಮೂಲದ ಕಡೆ ತಿರುಗಿ.